ಟೆನ್ಸ್ ಪೆಟ್ಟಿಗೆ ನೋವನ್ನು ಗುಣಪಡಿಸುತ್ತದೆಯೇ? ಉತ್ತರ ಹುಡುಕಿದ ಡಾಕ್ಟರ್ ಡುಷೆನ್ ಅವರ ಕಥೆ

ಮುಳಬಾಗಿಲಿನಿಂದ ಸುಮಾರು 10 ಕಿಲೋಮೀಟರ್ ದೂರದ ಕುರುಡುಮಲೆ ಎಂದರೆ ತಟ್ಟನೆ ನೆನಪಾಗುವುದು ಅಲ್ಲಿನ ಏಕಶಿಲೆಯ ದೊಡ್ಡ ಗಣಪತಿ. ಮದುವೆ ಮಾತುಕತೆಯಿಂದ ಹಿಡಿದು ಚುನಾವಣಾ ಪ್ರಚಾರದವರೆಗೆ ಯಾವ ಕೆಲಸ ಶುರು ಮಾಡುವುದಿದ್ದರೂ ಮೊದಲು ಅಲ್ಲಿಗೆ ಹೋಗಿ ಕೈಮುಗಿದು ಬರುವವರು ಬಹಳ ಮಂದಿ. ಆ ಕಡೆಯ ಓದುಗರೊಬ್ಬರು ನಮಗೊಂದು ಪ್ರಶ್ನೆ ಕಳಿಸಿದ್ದಾರೆ.

ಅವರ ತಾಯಿಗೆ ವರ್ಷಗಳಿಂದ ಮಂಡಿ ನೋವು, ಸೊಂಟ ನೋವು. ಟೊಮೆಟೊ ತೋಟದಲ್ಲಿ ಬಗ್ಗಿ ಬಗ್ಗಿ ದುಡಿದ ಮೈ. ಬೆಂಗಳೂರಿನಲ್ಲಿರುವ ಕಿರಿಮಗ ಅಂಗೈಯಗಲದ ಒಂದು ಪೆಟ್ಟಿಗೆ ತರಿಸಿ ಕಳಿಸಿದ್ದಾನೆ. ಅದರಿಂದ ಎರಡು ವೈರು ಹೊರಡುತ್ತವೆ, ವೈರಿನ ತುದಿಯಲ್ಲಿ ಅಂಟಿಸುವ ಪ್ಯಾಡುಗಳು. ಮಂಡಿಗೆ ಅಂಟಿಸಿ ಗುಂಡಿ ಒತ್ತಿದರೆ ಜುಮ್ ಜುಮ್ ಎನ್ನುತ್ತದೆ, ಸ್ವಲ್ಪ ಹೊತ್ತಿನಲ್ಲಿ ನೋವು ಕಡಿಮೆಯಾಗುತ್ತದೆ. ತಾಯಿಗೆ ಖುಷಿ. ಇನ್ನು ಆಸ್ಪತ್ರೆಗೆ ಅಲೆಯುವುದು ಬೇಡ, ಇದೇ ಸಾಕು ಎನ್ನುತ್ತಿದ್ದಾರಂತೆ. ಮಗಳಿಗೆ ಅನುಮಾನ. ಇದು ನಿಜಕ್ಕೂ ರೋಗ ವಾಸಿ ಮಾಡುತ್ತದೆಯೇ? ಮೈಯೊಳಗೆ ಕರೆಂಟ್ ಬಿಟ್ಟುಕೊಳ್ಳುವುದು ಅಪಾಯವಲ್ಲವೇ?

ಈ ಪೆಟ್ಟಿಗೆಗೆ ಟೆನ್ಸ್ ಎಂದು ಹೆಸರು. ಚರ್ಮದ ಮೇಲಿಂದಲೇ ನರಗಳಿಗೆ ಸಣ್ಣ ಸಣ್ಣ ವಿದ್ಯುತ್ ಮಿಡಿತ ಕೊಡುವ ಯಂತ್ರ ಇದು. ಚುಟುಕಾಗಿ ಹೇಳುವುದಾದರೆ, ಸರಿಯಾಗಿ ಬಳಸಿದರೆ ಹೆಚ್ಚಿನವರಿಗೆ ಇದರಿಂದ ಅಪಾಯವಿಲ್ಲ. ಕೆಲವರಿಗೆ ನೋವು ಸ್ವಲ್ಪ ಹೊತ್ತು ತಗ್ಗುತ್ತದೆ. ಆದರೆ ನೋವಿನ ಕಾರಣವನ್ನು ಇದು ಮುಟ್ಟುವುದಿಲ್ಲ. ಈ ಕೊನೆಯ ಮಾತೇ ಮುಖ್ಯ. ಅದು ಏಕೆ ಎಂದು ತಿಳಿಯಲು ನಾವು ಇವತ್ತು ಒಬ್ಬ ವೈದ್ಯರ ಬದುಕಿನ ಕಥೆ ಹೇಳುತ್ತೇವೆ. ಇಂಥದ್ದೇ ಒಂದು ಪೆಟ್ಟಿಗೆಯನ್ನು ಹೊತ್ತು ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ಯಾರಿಸ್ಸಿನ ಆಸ್ಪತ್ರೆಗಳನ್ನು ಸುತ್ತಿದವರು. ಹೆಸರು ಗಿಯೋಮ್ ಡುಷೆನ್. ಮಕ್ಕಳ ಸ್ನಾಯುಗಳು ಕ್ಷೀಣಿಸುತ್ತಾ ಹೋಗುವ ಡುಷೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಎಂಬ ಕಾಯಿಲೆಯ ಹೆಸರು ಕೇಳಿದ್ದರೆ, ಅದರಲ್ಲಿರುವ ಡುಷೆನ್ ಇವರೇ.

ಹಡಗಿನವರ ಮನೆಯ ಹುಡುಗ

ಡುಷೆನ್ ಹುಟ್ಟಿದ್ದು 1806ರ ಸೆಪ್ಟೆಂಬರ್ 17ರಂದು, ಫ್ರಾನ್ಸಿನ ಉತ್ತರ ಕರಾವಳಿಯ ಬುಲೋನ್ ಎಂಬ ಬಂದರು ಊರಿನಲ್ಲಿ. ಮನೆತನವೆಲ್ಲ ಸಮುದ್ರವನ್ನೇ ನಂಬಿ ಬದುಕಿದ್ದು. ತಂದೆ ಹಡಗಿನ ಕಪ್ತಾನ. ಮಗನೂ ಹಡಗು ಹತ್ತಲಿ ಎಂಬುದು ಅವರ ಆಸೆ. ಮಗನಿಗೆ ವಿಜ್ಞಾನದ ಹುಚ್ಚು. ಪ್ಯಾರಿಸ್ಸಿಗೆ ಹೋಗಿ ವೈದ್ಯಕೀಯ ಓದಿದರು. ಎದೆಗೆ ಇಡುವ ಸ್ಟೆತಾಸ್ಕೋಪನ್ನು ಕಂಡುಹಿಡಿದ ಲಾನೆಕ್ ಅವರ ಗುರುಗಳಲ್ಲಿ ಒಬ್ಬರು. 1831ರಲ್ಲಿ ಪದವಿ ಮುಗಿಸಿ ಊರಿಗೆ ವಾಪಸಾಗಿ ಎಲ್ಲ ಡಾಕ್ಟರುಗಳಂತೆ ಪ್ರಾಕ್ಟೀಸ್ ಶುರು ಮಾಡಿದರು. ಮದುವೆಯೂ ಆಯಿತು.

ಸುಖ ಹೆಚ್ಚು ದಿನ ಉಳಿಯಲಿಲ್ಲ. ಮಗ ಹುಟ್ಟಿದ ಕೆಲವೇ ದಿನಗಳಲ್ಲಿ ಹೆಂಡತಿ ಬಾಣಂತಿ ಜ್ವರದಿಂದ ತೀರಿಕೊಂಡರು. ಹೆರಿಗೆಯ ನಂತರ ತಗಲುವ ಸೋಂಕು ಅದು. ರೋಗಾಣುಗಳ ಬಗ್ಗೆ ವೈದ್ಯರಿಗೇ ತಿಳಿಯದ ಕಾಲವದು, ಕೈ ತೊಳೆಯುವ ಪದ್ಧತಿಯೂ ಬಂದಿರಲಿಲ್ಲ. ಆದರೆ ಹೆರಿಗೆಯ ಸಮಯದಲ್ಲಿ ಜೊತೆಗಿದ್ದ ವೈದ್ಯ ಗಂಡನೇ. ಸಾವಿನ ಹೊಣೆಯನ್ನು ಅತ್ತೆ ಮನೆಯವರು ಅಳಿಯನ ತಲೆಗೆ ಕಟ್ಟಿದರು. ಊರಿನಲ್ಲಿ ಗುಸುಗುಸು ಹಬ್ಬಿತು. ಹಸುಗೂಸು ಎಮಿಲ್ ತಾಯಿಯ ಕಡೆಯವರ ಮನೆ ಸೇರಿತು. ತಂದೆ ಮಗ ಮತ್ತೆ ಒಂದಾಗುವ ಹೊತ್ತಿಗೆ ಮೂವತ್ತು ವರ್ಷಗಳ ಹತ್ತಿರ ಕಳೆದಿದ್ದವು.

ಸೂಜಿಯಿಂದ ಒದ್ದೆ ಸ್ಪಂಜಿಗೆ

ಆ ಒಂಟಿತನದ ದಿನಗಳಲ್ಲಿ ಡುಷೆನ್ ಅವರ ಗಮನ ಸೆಳೆದದ್ದು ವಿದ್ಯುತ್ ಚಿಕಿತ್ಸೆ.

ನೋವಿಗೆ ವಿದ್ಯುತ್ ಬಳಸುವುದು ಅವರಿಗಿಂತ ಬಹಳ ಹಳೆಯ ಯೋಚನೆ. ಸುಮಾರು 2000 ವರ್ಷಗಳ ಹಿಂದೆಯೇ ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸ್ ತಲೆನೋವಿಗೆ ಮತ್ತು ಗೌಟ್ ಎಂಬ ಕಾಲಿನ ಕೀಲುನೋವಿಗೆ ಒಂದು ಉಪಾಯ ಬರೆದಿಟ್ಟಿದ್ದರು. ಶಾಕ್ ಹೊಡೆಯುವ ಟಾರ್ಪಿಡೋ ಮೀನನ್ನು ಜೀವಂತವಾಗಿ ನೋಯುವ ಜಾಗಕ್ಕೆ ತಾಗಿಸಬೇಕು, ಆ ಜಾಗ ಜೋಮು ಹಿಡಿಯುವವರೆಗೆ. ಆ ಮೀನಿನೊಳಗೆ ಇರುವುದು ವಿದ್ಯುತ್ ಎಂಬುದೇ ಅಂದು ಯಾರಿಗೂ ಗೊತ್ತಿರಲಿಲ್ಲ. 18ನೇ ಶತಮಾನದಲ್ಲಿ ವಿದ್ಯುತ್ ಕೂಡಿಡುವ ಜಾಡಿಗಳು ಬಂದಾಗ ಯುರೋಪು ಅಮೆರಿಕಗಳಲ್ಲಿ ಎಲ್ಲ ರೋಗಕ್ಕೂ ಕರೆಂಟ್ ಕೊಡುವ ಗೀಳು ಹತ್ತಿತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಲಕ್ವ ಹೊಡೆದವರಿಗೆ ಶಾಕ್ ಕೊಟ್ಟು ನೋಡಿದರು. ಮೊದಲ ಕೆಲವು ದಿನ ಸುಧಾರಿಸಿದಂತೆ ಕಂಡಿತು, ಆದರೆ ಯಾರಿಗೂ ಕಾಯಂ ಗುಣವಾಗಲಿಲ್ಲ ಎಂದು ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಅಷ್ಟು ಪ್ರಾಮಾಣಿಕತೆ ಎಲ್ಲರಿಗೂ ಇರಲಿಲ್ಲ. ಸಂತೆಯಲ್ಲಿ ಶಾಕ್ ಮಾರಿ ದುಡ್ಡು ಮಾಡಿದವರೇ ಹೆಚ್ಚು.

ಡುಷೆನ್ ಅವರ ಕಾಲಕ್ಕೆ ಫ್ರಾನ್ಸಿನಲ್ಲಿ ಹೊಸದೊಂದು ವಿಧಾನ ಬಂದಿತ್ತು. ಸಾರ್ಲಾಂಡಿಯರ್ ಎಂಬ ವೈದ್ಯರು ಮೈಗೆ ಸೂಜಿ ಚುಚ್ಚಿ, ಆ ಸೂಜಿಯ ಮೂಲಕ ವಿದ್ಯುತ್ ಹಾಯಿಸುತ್ತಿದ್ದರು. ಗೌಟ್, ಕೀಲುನೋವು, ನರದ ತೊಂದರೆಗಳಿಗೆ ಇದು ಮದ್ದು ಎಂದು 1825ರಲ್ಲಿ ಪುಸ್ತಕವನ್ನೇ ಬರೆದರು. ಡುಷೆನ್ 1830ರ ದಶಕದಲ್ಲಿ ಬುಲೋನಿನಲ್ಲಿ ಇದನ್ನು ಪ್ರಯೋಗಿಸತೊಡಗಿದರು. ಸೂಜಿಗೆ ಕರೆಂಟ್ ಹಾಯಿಸಿದೊಡನೆ ಆ ಜಾಗದ ಸ್ನಾಯು ಬಿಗಿಯುವುದು ಅವರ ಕಣ್ಣಿಗೆ ಬಿತ್ತು. ಬೇರೆಯವರೂ ನೋಡಿದ್ದರು, ಆದರೆ ಡುಷೆನ್ ಅವರಿಗೆ ಅಲ್ಲೊಂದು ದಾರಿ ಕಂಡಿತು. ಒಂದೊಂದೇ ಸ್ನಾಯುವನ್ನು ಬೇಕೆಂದಾಗ ಬಿಗಿಯುವಂತೆ ಮಾಡಬಹುದಾದರೆ, ಬದುಕಿರುವ ಮನುಷ್ಯನಲ್ಲೇ ಯಾವ ಸ್ನಾಯು ಏನು ಕೆಲಸ ಮಾಡುತ್ತದೆ, ಯಾವುದು ಕೆಟ್ಟಿದೆ ಎಂದು ಪರೀಕ್ಷಿಸಬಹುದಲ್ಲವೇ?

ತೊಡಕೆಂದರೆ ಸೂಜಿ. ಅದು ಚುಚ್ಚುತ್ತದೆ, ನೋಯಿಸುತ್ತದೆ, ಕೀವು ಕಟ್ಟಿಸುತ್ತದೆ. ಸೂಜಿಯಿಲ್ಲದೆ ಚರ್ಮದ ಮೇಲಿಂದಲೇ ವಿದ್ಯುತ್ ಒಳಗೆ ಕಳಿಸಲು ಬರುತ್ತದೆಯೇ? ಈ ಪ್ರಶ್ನೆಯೇ ಇವತ್ತಿನ ಟೆನ್ಸ್ ಪ್ಯಾಡಿನ ಅಜ್ಜ.

ಉತ್ತರ ಸಿಕ್ಕಿದ್ದು ಸರಳವಾದ ಒಂದು ಗಮನಿಕೆಯಿಂದ. ಒಣ ಚರ್ಮಕ್ಕೆ ಒಣ ಲೋಹ ತಾಗಿಸಿದರೆ ವಿದ್ಯುತ್ತಿನ ಪರಿಣಾಮವೆಲ್ಲ ಚರ್ಮದ ಮೇಲೆಯೇ ನಿಂತು ಚುರುಕ್ ಎನ್ನುತ್ತದೆ. ಅದೇ ಒದ್ದೆ ಸ್ಪಂಜು ಅಥವಾ ಒದ್ದೆ ತೊಗಲು ಸುತ್ತಿದ ಎಲೆಕ್ಟ್ರೋಡುಗಳನ್ನು ಒತ್ತಿ ಹಿಡಿದರೆ ವಿದ್ಯುತ್ ಚರ್ಮ ದಾಟಿ ಒಳಗಿನ ಸ್ನಾಯುವನ್ನು, ನರವನ್ನು ಮುಟ್ಟುತ್ತದೆ. ಒಣ ಚರ್ಮ ವಿದ್ಯುತ್ತನ್ನು ತಡೆಯುತ್ತದೆ, ತೇವ ಆ ತಡೆಯನ್ನು ತಗ್ಗಿಸುತ್ತದೆ. ಇಂದಿನ ಪ್ಯಾಡುಗಳಲ್ಲಿ ಜಿಗುಟು ಜೆಲ್ ಇರುವುದು ಬರೀ ಅಂಟಿಕೊಳ್ಳಲಿ ಎಂದಲ್ಲ, ಇದೇ ಕಾರಣಕ್ಕೆ. ಜೆಲ್ ಒಣಗಿದ ಹಳೆಯ ಪ್ಯಾಡು ಚುಚ್ಚಿದಂತೆ ಉರಿಯುವುದೂ ಇದಕ್ಕೇ.

ವಿದ್ಯುತ್ತಿನ ಮೂಲವೂ ಹೊಸದಿತ್ತು. ಡುಷೆನ್ ಪದವಿ ಪಡೆದ 1831ರಲ್ಲೇ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಆಯಸ್ಕಾಂತ ಮತ್ತು ತಂತಿಸುರುಳಿಯಿಂದ ವಿದ್ಯುತ್ ಹುಟ್ಟಿಸುವುದನ್ನು ತೋರಿಸಿದ್ದರು. ಅದನ್ನು ಆಧರಿಸಿ, ಬಿಟ್ಟು ಬಿಟ್ಟು ಮಿಡಿತ ಕೊಡುವ ಪೆಟ್ಟಿಗೆಯೊಂದನ್ನು ಡುಷೆನ್ ಮಾಡಿಸಿಕೊಂಡರು. ಆ ಚಿಕಿತ್ಸೆಗೆ ಫ್ಯಾರಡೆಯವರ ಹೆಸರನ್ನೇ ಸೇರಿಸಿ ಫ್ಯಾರಡೈಸೇಷನ್ ಎಂದು ಕರೆದರು. ಹೋದಲ್ಲಿಗೆಲ್ಲ ಒಯ್ಯಬಹುದಾದ ಪೆಟ್ಟಿಗೆ ಅದು. ನಮ್ಮ ಕಡೆ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಬಂದದ್ದು 1902ರಲ್ಲಿ. ಅದಕ್ಕೆ ಅರ್ಧ ಶತಮಾನಕ್ಕೂ ಮುಂಚಿನ ಮಾತಿದು.

ಆಸ್ಪತ್ರೆಯಿಂದ ಆಸ್ಪತ್ರೆಗೆ

ಊರಿನಲ್ಲಿ ಕೆಟ್ಟ ಹೆಸರು, ಎರಡನೆಯ ಮದುವೆಯೂ ಮುರಿದಿತ್ತು. 1842ರಲ್ಲಿ ಡುಷೆನ್ ಪೆಟ್ಟಿಗೆ ಹಿಡಿದು ಪ್ಯಾರಿಸ್ಸಿಗೆ ಬಂದರು. ಅಲ್ಲಿ ಅವರಿಗೆ ಯಾವ ಹುದ್ದೆಯೂ ಇರಲಿಲ್ಲ. ಪ್ರೊಫೆಸರ್ ಆಗಲಿಲ್ಲ, ಯಾವ ಆಸ್ಪತ್ರೆಯ ವಾರ್ಡೂ ಅವರದಾಗಿರಲಿಲ್ಲ. ಮಾತುಗಾರಿಕೆ ಇರಲಿಲ್ಲ, ನಡವಳಿಕೆಯಲ್ಲಿ ಹಳ್ಳಿಯ ಒರಟುತನ. ಹೊಟ್ಟೆಪಾಡಿಗೆ ಖಾಸಗಿ ರೋಗಿಗಳನ್ನು ನೋಡುತ್ತಾ, ಉಳಿದ ಹೊತ್ತೆಲ್ಲ ಬಡವರ ಆಸ್ಪತ್ರೆಗಳ ವಾರ್ಡುಗಳನ್ನು ಸುತ್ತಿದರು. ವಿಚಿತ್ರವಾದ ರೋಗಿ ಕಂಡರೆ ಕೂತು ಗಂಟೆಗಟ್ಟಲೆ ಪರೀಕ್ಷಿಸುವರು. ಆ ರೋಗಿಯನ್ನು ಬೇರೆ ಆಸ್ಪತ್ರೆಗೆ ಸಾಗಿಸಿದರೆ ಅಲ್ಲಿಗೂ, ಮನೆಗೆ ಕಳಿಸಿದರೆ ಮನೆಗೂ ಹುಡುಕಿಕೊಂಡು ಹೋಗುವರು. ವರ್ಷಗಟ್ಟಲೆ ಹಿಂಬಾಲಿಸುವರು. ಕಿರಿಯ ಡಾಕ್ಟರುಗಳು ಅವರನ್ನು ನೋಡಿ ನಗುತ್ತಿದ್ದರು. ಸಂತೆಯ ಶಾಕ್ ಮಾರುವವನಿಗೂ ಇವರಿಗೂ ಏನು ವ್ಯತ್ಯಾಸ ಎಂದು ಅನುಮಾನಿಸಿದವರಿಗೂ ಕೊರತೆಯಿರಲಿಲ್ಲ.

ವ್ಯತ್ಯಾಸ ಇತ್ತು. ಮಾರುವವನು ಕರೆಂಟನ್ನು ಉತ್ತರ ಎಂದು ಕೊಡುತ್ತಿದ್ದ. ಡುಷೆನ್ ಅದನ್ನು ಹೆಚ್ಚಾಗಿ ಪ್ರಶ್ನೆ ಕೇಳಲು ಬಳಸಿದರು.

ಒಂದು ಉದಾಹರಣೆ ನೋಡೋಣ. ಇಬ್ಬರು ರೋಗಿಗಳಿದ್ದಾರೆ, ಇಬ್ಬರ ಕೈಯೂ ಎತ್ತಲು ಬರುತ್ತಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಲಕ್ವ. ಡುಷೆನ್ ಕೈಯ ಸ್ನಾಯುಗಳಿಗೆ ವಿದ್ಯುತ್ ಮಿಡಿತ ಕೊಡುತ್ತಾರೆ. ಒಬ್ಬನ ಸ್ನಾಯು ಚೆನ್ನಾಗಿ ಬಿಗಿಯುತ್ತದೆ. ಅಂದರೆ ಅಲ್ಲಿನ ನರ, ಸ್ನಾಯು ಎರಡೂ ಸರಿಯಿವೆ, ತೊಂದರೆ ಮೇಲೆ ಮಿದುಳಿನಲ್ಲಿದೆ. ಇನ್ನೊಬ್ಬನ ಸ್ನಾಯು ಅಲುಗುವುದೇ ಇಲ್ಲ. ಅವನು ಬಣ್ಣದ ಕೆಲಸದಲ್ಲಿ ಸೀಸದ ವಿಷ ತಗಲಿಸಿಕೊಂಡವನಾಗಿರಬಹುದು, ಅಥವಾ ಅವನ ನರಕ್ಕೇ ಪೆಟ್ಟು ಬಿದ್ದಿರಬಹುದು. ಹೊರಗೆ ಒಂದೇ ರೀತಿ ಕಾಣುವ ತೊಂದರೆಗೆ ಒಳಗೆ ಬೇರೆ ಬೇರೆ ಕಾರಣ. ಕಾರಣ ಬೇರೆಯಾದರೆ ಚಿಕಿತ್ಸೆಯೂ ಬೇರೆ. ಇಂದು ನರರೋಗ ತಜ್ಞರು ಕೈಕಾಲಿಗೆ ವೈರು ಹಚ್ಚಿ ಮಾಡುವ ನರಗಳ ಪರೀಕ್ಷೆಯ ಬೇರು ಇಲ್ಲಿದೆ.

ಚರ್ಮದ ಮೇಲೆ ಕೆಲವು ನಿರ್ದಿಷ್ಟ ಜಾಗಗಳಲ್ಲಿ ಎಲೆಕ್ಟ್ರೋಡ್ ಇಟ್ಟರೆ ಅತಿ ಕಡಿಮೆ ವಿದ್ಯುತ್ತಿಗೇ ಸ್ನಾಯು ಬಿಗಿಯುತ್ತದೆ ಎಂಬುದನ್ನೂ ಡುಷೆನ್ ಗುರುತಿಸಿದರು. ನರವು ಸ್ನಾಯುವಿನೊಳಗೆ ಹೊಕ್ಕುವ ಜಾಗಗಳೇ ಅವು ಎಂದು ಜರ್ಮನಿಯ ರಾಬರ್ಟ್ ರೆಮಾಕ್ ತೋರಿಸಿಕೊಟ್ಟರು. ಫಿಸಿಯೋಥೆರಪಿಯವರು ಸ್ನಾಯು ಬಿಗಿಸುವ ಚಿಕಿತ್ಸೆಗೆ ಪ್ಯಾಡನ್ನು ಅತ್ತಿತ್ತ ಸರಿಸಿ ಸರಿಯಾದ ಜಾಗ ಹುಡುಕುವುದು ಇವತ್ತಿಗೂ ಅದೇ ಲೆಕ್ಕದಲ್ಲಿ.

ಈ ಎಲ್ಲ ಕೆಲಸ 1855ರಲ್ಲಿ ಪುಸ್ತಕವಾಗಿ ಬಂತು. ನಕ್ಕವರು ಸುಮ್ಮನಾದರು. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಮುಂದೆ ದೊಡ್ಡ ಹೆಸರು ಮಾಡಿದ ನರರೋಗ ತಜ್ಞ ಷಾರ್ಕೋ, ಡುಷೆನ್ ಅವರನ್ನು ತಮ್ಮ ಗುರು ಎಂದೇ ಕರೆದರು.

ನಗುವಿನ ಗುಟ್ಟು

ಡುಷೆನ್ ಅವರ ಹೆಸರು ವೈದ್ಯರಲ್ಲದವರಿಗೂ ತಲುಪಿದ್ದು ನಗುವಿನಿಂದ. ಮುಖದ ಒಂದೊಂದು ಸ್ನಾಯುವನ್ನು ವಿದ್ಯುತ್ತಿನಿಂದ ಬಿಗಿಸಿ, ಯಾವ ಭಾವಕ್ಕೆ ಯಾವ ಸ್ನಾಯು ಎಂದು ಅವರು ಪಟ್ಟಿ ಮಾಡಿದರು. ಆಗಷ್ಟೇ ಬಂದಿದ್ದ ಫೋಟೋಗ್ರಫಿಯಲ್ಲಿ ಅವನ್ನೆಲ್ಲ ಸೆರೆಹಿಡಿದು 1862ರಲ್ಲಿ ಪ್ರಕಟಿಸಿದರು. ಆ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಹಲ್ಲಿಲ್ಲದ ಒಬ್ಬ ಮುದುಕ. ಅವನ ಮುಖದ ಚರ್ಮಕ್ಕೆ ಸ್ಪರ್ಶಜ್ಞಾನ ಹೋಗಿತ್ತು. ಹಾಗಾಗಿ ವಿದ್ಯುತ್ ಕೊಟ್ಟರೂ ಅವನಿಗೆ ನೋವಾಗುತ್ತಿರಲಿಲ್ಲ.

ಈ ಸಂಗತಿಯನ್ನು ಟೆನ್ಸ್ ಬಳಸುವವರು ನೆನಪಿಡಬೇಕು. ಸ್ಪರ್ಶಜ್ಞಾನ ಇಲ್ಲದ ಚರ್ಮ ಎಚ್ಚರಿಕೆ ಕೊಡುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರು ಅಲ್ಲಿ ಪ್ಯಾಡ್ ಅಂಟಿಸಿ, ಏನೂ ಗೊತ್ತಾಗುತ್ತಿಲ್ಲ ಎಂದು ಕರೆಂಟ್ ಏರಿಸುತ್ತಾ ಹೋದರೆ ಚರ್ಮ ಸುಡಬಹುದು. ಆ ಗಾಯ ಬೇಗ ಮಾಯುವುದೂ ಇಲ್ಲ.

ಬಾಯಿಯ ತುದಿಯನ್ನು ಮೇಲೆಳೆಯುವ ಸ್ನಾಯುವನ್ನಷ್ಟೇ ಬಿಗಿಸಿದರೆ ಬರುವುದು ತೋರಿಕೆಯ ನಗು, ಕಣ್ಣಿನ ಸುತ್ತಲಿನ ಸ್ನಾಯುವೂ ಸೇರಿದರೆ ಅದು ಮನಸಾರೆ ನಗು ಎಂದು ಡುಷೆನ್ ಕಂಡುಕೊಂಡರು. ಇಂದಿಗೂ ಮನಃಶಾಸ್ತ್ರದಲ್ಲಿ ಇದಕ್ಕೆ ಡುಷೆನ್ ನಗು ಎಂದೇ ಹೆಸರು. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಭಾವಾಭಿವ್ಯಕ್ತಿಯ ಬಗ್ಗೆ ಬರೆದ ಪುಸ್ತಕದಲ್ಲಿ ಈ ಚಿತ್ರಗಳನ್ನು ಬಳಸಿಕೊಂಡರು.

ಕರೆಂಟ್ ಸೋತ ಜಾಗ

ಆಸ್ಪತ್ರೆ ಸುತ್ತಾಟದಲ್ಲಿ ಡುಷೆನ್ ಅವರಿಗೆ ಒಂದು ಬಗೆಯ ಗಂಡುಮಕ್ಕಳು ಮತ್ತೆ ಮತ್ತೆ ಕಂಡರು. ನಡಿಗೆ ಕಲಿಯುವುದು ತಡ, ನಡೆದರೆ ಬಾತುಕೋಳಿಯಂತೆ ಅತ್ತಿತ್ತ ವಾಲುವುದು, ನೆಲದಿಂದ ಏಳಲು ಕಷ್ಟ. ಮೀನಖಂಡ ಮಾತ್ರ ದಪ್ಪ ದಪ್ಪ, ಪೈಲ್ವಾನನ ಕಾಲಿನಂತೆ. ನೋಡಿದವರು ಮಗು ಗಟ್ಟಿಮುಟ್ಟು ಎಂದುಕೊಳ್ಳಬೇಕು. ಡುಷೆನ್ ಸ್ನಾಯುವಿನೊಳಗಿಂದ ಚೂರು ತೆಗೆಯಬಲ್ಲ ಸಣ್ಣ ಉಪಕರಣವೊಂದನ್ನು ತಾವೇ ರೂಪಿಸಿ, ಆ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ದಪ್ಪ ಕಂಡ ಕಾಲಿನಲ್ಲಿ ಸ್ನಾಯುವಿನ ಜಾಗವನ್ನು ಕೊಬ್ಬು ಮತ್ತು ನಾರು ತುಂಬಿದ್ದವು. ಇಂಥ 13 ಮಕ್ಕಳ ವಿವರಗಳೊಂದಿಗೆ 1868ರಲ್ಲಿ ಅವರು ಈ ಕಾಯಿಲೆಯನ್ನು ವಿವರವಾಗಿ ವರ್ಣಿಸಿದರು. ಇಂಗ್ಲೆಂಡಿನ ಎಡ್ವರ್ಡ್ ಮೆರಿಯಾನ್ ಇದನ್ನು ಮೊದಲೇ ಗಮನಿಸಿದ್ದರೂ ಹೆಸರು ನಿಂತಿದ್ದು ಡುಷೆನ್ ಅವರದು.

ಈ ಮಕ್ಕಳ ವಿಷಯದಲ್ಲಿ ಅವರ ಪೆಟ್ಟಿಗೆ ಸೋತಿತು. ಆರಂಭದ ಹಂತದಲ್ಲಿ ವಿದ್ಯುತ್ ನೆರವಾದೀತು ಎಂದು ಅವರಿಗೂ ಆಸೆಯಿತ್ತು. ಆದರೆ ಸ್ನಾಯುವೇ ಕರಗಿ ಹೋಗುವಾಗ ಅದನ್ನು ಕುಣಿಸಿ ಪ್ರಯೋಜನವೇನು? ಕಾಯಿಲೆಯ ಮೂಲ ಒಂದು ಜೀನಿನ ದೋಷ ಎಂದು ಪತ್ತೆಯಾಗಲು 1980ರ ದಶಕದವರೆಗೆ ಕಾಯಬೇಕಾಯಿತು. ಪೂರ್ಣವಾಗಿ ಗುಣಪಡಿಸುವ ಚಿಕಿತ್ಸೆ ಇಂದಿಗೂ ಬಂದಿಲ್ಲ. ಆದರೂ ಡುಷೆನ್ ಮಾಡಿದ್ದು ಸಣ್ಣ ಕೆಲಸವಲ್ಲ. ಎಲ್ಲವೂ ಲಕ್ವ ಎಂದು ಒಂದೇ ಗೋಣಿಗೆ ತುಂಬುತ್ತಿದ್ದ ಕಾಲದಲ್ಲಿ, ಒಂದೊಂದು ಕಾಯಿಲೆಯನ್ನೂ ಬೇರ್ಪಡಿಸಿ ಗುರುತು ಹೇಳಿದರು. ಗುರುತೇ ಸಿಗದ ಕಾಯಿಲೆಗೆ ಮದ್ದು ಹುಡುಕುವುದಾದರೂ ಹೇಗೆ?

ಕೊನೆಗಾಲದಲ್ಲಿ ಅವರಿಗೊಂದು ಸಮಾಧಾನ ಸಿಕ್ಕಿತ್ತು. ಬೆಳೆದು ದೊಡ್ಡವನಾಗಿ ತಾನೂ ವೈದ್ಯನಾಗಿದ್ದ ಮಗ ಎಮಿಲ್ ಪ್ಯಾರಿಸ್ಸಿಗೆ ಬಂದು ತಂದೆಯ ಜೊತೆ ಕೆಲಸಕ್ಕೆ ನಿಂತ. ಅದೂ ಉಳಿಯಲಿಲ್ಲ. ತಂದೆ ಬದುಕಿರುವಾಗಲೇ ಮಗ ತೀರಿಕೊಂಡ. 1875ರ ಸೆಪ್ಟೆಂಬರಿನಲ್ಲಿ, 69 ತುಂಬಲು ಇನ್ನೇನು ಕೆಲವೇ ದಿನಗಳಿದ್ದಾಗ, ಮಿದುಳಿನ ರಕ್ತಸ್ರಾವದಿಂದ ಡುಷೆನ್ ತೀರಿಕೊಂಡರು. ಬದುಕಿದ್ದಾಗ ಒಂದು ಹುದ್ದೆಯನ್ನೂ ಕೊಡದ ಪ್ಯಾರಿಸ್, 1897ರಲ್ಲಿ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಅವರ ಸ್ಮಾರಕ ನಿಲ್ಲಿಸಿತು.

ನೋವಿನ ಬಾಗಿಲು

ಚರ್ಮದ ಮೇಲಿಂದ ನರವನ್ನು ಮುಟ್ಟುವ ದಾರಿ ಡುಷೆನ್ ತೋರಿಸಿದರು. ಹಾಗೆ ಮುಟ್ಟಿದರೆ ನೋವು ಏಕೆ ತಗ್ಗುತ್ತದೆ ಎಂಬುದಕ್ಕೆ ಒಪ್ಪುವಂಥ ವಿವರಣೆ ಬಂದದ್ದು ಅವರು ತೀರಿಕೊಂಡು 90 ವರ್ಷಗಳ ಮೇಲೆ.

ಮುಳಬಾಗಿಲು ಎಂಬ ಹೆಸರು ಮೂಡಲ ಬಾಗಿಲು ಎಂಬುದರಿಂದ ಬಂತು ಎನ್ನುತ್ತಾರೆ, ನಾಡಿನ ಮೂಡಣ ದಿಕ್ಕಿನ ಹೆಬ್ಬಾಗಿಲು. ನೋವಿಗೂ ಅಂಥದ್ದೊಂದು ಬಾಗಿಲಿದೆ ಎಂದು 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಸೂಚಿಸಿದರು. ಆ ಬಾಗಿಲು ಇರುವುದು ಬೆನ್ನುಹುರಿಯಲ್ಲಿ. ಮೈಯಿಂದ ಮಿದುಳಿಗೆ ಹೋಗುವ ಸುದ್ದಿಯೆಲ್ಲ ಅಲ್ಲಿ ಹಾದುಹೋಗಬೇಕು. ನೋವಿನ ಸುದ್ದಿ ತರುವುದು ಸಣ್ಣ ನರತಂತುಗಳು. ಸ್ಪರ್ಶದ ಸುದ್ದಿ ತರುವುದು ದಪ್ಪ ನರತಂತುಗಳು. ದಪ್ಪ ತಂತುಗಳಿಂದ ಸುದ್ದಿ ಜೋರಾಗಿ ಬರುತ್ತಿದ್ದರೆ ಬಾಗಿಲು ನೋವಿನ ಸುದ್ದಿಗೆ ಅರ್ಧ ಮುಚ್ಚಿಕೊಳ್ಳುತ್ತದೆ. ಕಾಲು ಎಡವಿದ ಮಗುವಿಗೆ ಅಜ್ಜಿ ಆ ಜಾಗ ಉಜ್ಜಿದರೆ ನೋವು ಕಡಿಮೆಯಾಗುವುದು ಹೀಗೆ. ಟೆನ್ಸ್ ಯಂತ್ರ ಮಾಡುವುದೂ ಬಹುಪಾಲು ಅದನ್ನೇ, ಬಿಡದೆ ಉಜ್ಜುವ ಕೆಲಸ. ಈ ವಿವರಣೆಗೆ ಆಮೇಲೆ ಹಲವು ತಿದ್ದುಪಡಿಗಳಾಗಿವೆ, ಮೂಲ ಯೋಚನೆ ಉಳಿದಿದೆ.

ಸಾಮಾನ್ಯವಾಗಿ ಸೆಕೆಂಡಿಗೆ 50ರಿಂದ 100ರಷ್ಟು ಮಿಡಿತ ಕೊಟ್ಟರೆ ದಪ್ಪ ತಂತುಗಳು ಕೆಲಸಕ್ಕೆ ನಿಲ್ಲುತ್ತವೆ. ಸೆಕೆಂಡಿಗೆ 10ಕ್ಕಿಂತ ಕಡಿಮೆ, ಆದರೆ ಜೋರಾದ ಮಿಡಿತ ಕೊಟ್ಟರೆ ದೇಹವು ತನ್ನದೇ ನೋವುನಿವಾರಕ ರಾಸಾಯನಿಕಗಳನ್ನು ಹೆಚ್ಚಾಗಿ ಬಿಡುತ್ತದೆ. ಪೆಟ್ಟಿಗೆಯಲ್ಲಿ ಬೇರೆ ಬೇರೆ ಮೋಡ್‌ಗಳು ಇರುವುದು ಇದಕ್ಕೇ.

1967ರಲ್ಲಿ ಪ್ಯಾಟ್ರಿಕ್ ವಾಲ್ ಮತ್ತು ವಿಲಿಯಂ ಸ್ವೀಟ್ ಮೊದಲು ತಮ್ಮ ಮೈಮೇಲೇ, ಆಮೇಲೆ ರೋಗಿಗಳ ಮೇಲೆ ನರಗಳಿಗೆ ವಿದ್ಯುತ್ ಕೊಟ್ಟು ನೋಡಿದರು. ನೋವು ತಗ್ಗಿತು. ಅವರು ಬರೆದ ಪ್ರಬಂಧದ ಶೀರ್ಷಿಕೆಯಲ್ಲೇ ತಾತ್ಕಾಲಿಕ ಎಂಬ ಪದವಿತ್ತು. ಇಂದಿನ ಪೆಟ್ಟಿಗೆಯ ಡಬ್ಬಿಯ ಮೇಲೆ ಆ ಪದ ಕಾಣದಿದ್ದರೆ ನಾವೇ ಬರೆದುಕೊಳ್ಳುವುದು ಒಳ್ಳೆಯದು.

ಹಾಗಾದರೆ ಎಷ್ಟು ನಂಬಬಹುದು? 2022ರಲ್ಲಿ 381 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ ಪರಿಶೀಲನೆಯೊಂದರಲ್ಲಿ, ಯಂತ್ರ ಹಾಕಿಕೊಂಡಿರುವಾಗ ಅಥವಾ ತೆಗೆದ ಕೂಡಲೇ ನೋವಿನ ತೀವ್ರತೆ ಕಡಿಮೆ ಇರುವುದು ಕಂಡಿತು. ಇನ್ನೊಂದು ಕಡೆ, ಬ್ರಿಟನ್ನಿನ ಸರ್ಕಾರಿ ಚಿಕಿತ್ಸಾ ಮಾರ್ಗಸೂಚಿಗಳು ಸೊಂಟ ನೋವಿಗೆ ಮತ್ತು ಮಂಡಿ ಸವೆತಕ್ಕೆ ಟೆನ್ಸ್ ಕೊಡಬೇಡಿ ಎನ್ನುತ್ತವೆ, ಪ್ರಯೋಜನಕ್ಕೆ ಸಾಕಷ್ಟು ಪುರಾವೆ ಇಲ್ಲವೆಂದು. ಎರಡನ್ನೂ ಕೂಡಿಸಿ ಓದಿದರೆ ನಮಗೆ ಕಾಣುವುದು ಇಷ್ಟು: ಆ ಹೊತ್ತಿಗೆ ಕೆಲವರಿಗೆ ಆರಾಮ ಸಿಗುತ್ತದೆ, ಅದರಾಚೆ ಹೆಚ್ಚು ನಿರೀಕ್ಷಿಸಬಾರದು. ಸವೆದ ಕೀಲು ಇದರಿಂದ ಬೆಳೆಯುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇಳಿಯುವುದಿಲ್ಲ. ರಕ್ತ ಶುದ್ಧಿಯಾಗುವುದಿಲ್ಲ.

ಕುರುಡುಮಲೆಯ ತಾಯಿಗೆ ನಮ್ಮ ಉತ್ತರ

ಅಮ್ಮ ಪೆಟ್ಟಿಗೆಯನ್ನು ಬಳಸಲಿ. ಆದರೆ ಮೊದಲು ಒಮ್ಮೆ ಡಾಕ್ಟರನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಲಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಇದನ್ನು ತಾವಾಗಿಯೇ ಹಾಕಿಕೊಳ್ಳಲೇಬಾರದು. ಗರ್ಭಿಣಿಯರು ಹೊಟ್ಟೆಯ ಮೇಲೆ ಅಂಟಿಸಬಾರದು. ಮೂರ್ಛೆರೋಗ ಇದ್ದವರು, ಕ್ಯಾನ್ಸರ್ ಇದ್ದವರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದವರು ವೈದ್ಯರನ್ನು ಕೇಳದೆ ಬಳಸಬಾರದು. ಕತ್ತಿನ ಮುಂಭಾಗ, ಕಣ್ಣು, ಎದೆಯ ಅಡ್ಡಕ್ಕೆ, ಗಾಯದ ಮೇಲೆ, ಮರಗಟ್ಟಿದ ಚರ್ಮದ ಮೇಲೆ ಪ್ಯಾಡ್ ಬೇಡ. ಮಲಗುವಾಗ, ಸ್ನಾನ ಮಾಡುವಾಗ, ಗಾಡಿ ಓಡಿಸುವಾಗ ಬೇಡ. ಜೋರಾಗಿ ಇಟ್ಟಷ್ಟೂ ಒಳ್ಳೆಯದು ಎಂಬುದು ತಪ್ಪು. ಜುಮ್ ಎನ್ನಬೇಕು, ನೋಯಬಾರದು.

ಎರಡನೆಯ ಮಾತು ಇನ್ನೂ ಮುಖ್ಯ. ಡುಷೆನ್ ಕೇಳುತ್ತಿದ್ದ ಪ್ರಶ್ನೆಯನ್ನು ನಾವೂ ಕೇಳಬೇಕು: ನೋವು ಎಲ್ಲಿಂದ ಬರುತ್ತಿದೆ? ಈ ವಯಸ್ಸಿನಲ್ಲಿ ಮಂಡಿ ನೋವಿಗೆ ಸಾಮಾನ್ಯ ಕಾರಣ ಕೀಲಿನ ಸವೆತ. ಅದಕ್ಕೆ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಮತ್ತು ತೂಕ ಇಳಿಸುವುದು ಯಂತ್ರಕ್ಕಿಂತ ಹೆಚ್ಚು ಕಾಲ ಫಲ ಕೊಡುತ್ತವೆ. ಆದರೆ ಕೋಲಾರ ಸೀಮೆಯಲ್ಲಿ ಇನ್ನೊಂದು ಕಾರಣವನ್ನೂ ನೋಡಬೇಕು. ಅದು ಕುಡಿಯುವ ನೀರು. ಈ ಜಿಲ್ಲೆಯ ಹಲವು ಕಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ಇದು ಬಾಲ್ಯದಲ್ಲೇ ಆ ನೀರು ಕುಡಿದವರಲ್ಲಿ. ದೊಡ್ಡವರಾದ ಮೇಲೆ ಮೂಳೆ, ಕೀಲು ಬಿಗಿಯುತ್ತವೆ, ಸೊಂಟ ಬಗ್ಗುವುದು ಕಷ್ಟವಾಗುತ್ತದೆ. ಇದೇ ಫ್ಲೋರೋಸಿಸ್. ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ.

ಸವೆತದ ನೋವೂ ಫ್ಲೋರೋಸಿಸ್ ನೋವೂ ಪ್ಯಾಡಿನ ಕೆಳಗೆ ಒಂದೇ ರೀತಿ ತಗ್ಗಬಹುದು. ಬಾಗಿಲು ಮುಚ್ಚಿದ್ದರಿಂದ ಸುದ್ದಿ ಮಿದುಳಿಗೆ ಮುಟ್ಟಲಿಲ್ಲ, ಅಷ್ಟೇ. ಕುಡಿಯುವ ನೀರು ಬದಲಾಗದಿದ್ದರೆ ಒಳಗಿನ ಕೆಡುಕು ಮುಂದುವರಿಯುತ್ತದೆ, ಅದೇ ನೀರು ಕುಡಿಯುವ ಮೊಮ್ಮಕ್ಕಳಿಗೂ. ಆದ್ದರಿಂದ ಮನೆಯ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಎಲ್ಲಿ ಮಾಡಿಸಬೇಕು ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ತಾಯಿಯ ಸೊಂಟ, ಮಂಡಿಗಳ ಎಕ್ಸ್‌ರೇ ಬೇಕೇ ಎಂದು ಡಾಕ್ಟರಲ್ಲಿ ವಿಚಾರಿಸಿ.

ಕಾಲು ಬಲ ಕಳೆದುಕೊಳ್ಳುತ್ತಿದ್ದರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ಜ್ವರದ ಜೊತೆ ಬೆನ್ನು ನೋವಿದ್ದರೆ ಪೆಟ್ಟಿಗೆ ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೊರಡಿ. ಎದೆ, ಎಡ ಭುಜ, ದವಡೆಯಲ್ಲಿ ಹಠಾತ್ತನೆ ಬಂದ ನೋವಿಗೂ ಪ್ಯಾಡ್ ಅಂಟಿಸಿ ಕಾಯಬೇಡಿ. ಅದು ಹೃದಯದ್ದಿರಬಹುದು.

ಸಂಜೆ ಅರ್ಧ ಗಂಟೆ ಪ್ಯಾಡ್ ಅಂಟಿಸಿಕೊಂಡು ಅಮ್ಮ ಆರಾಮಾಗಿ ಕೂರಲಿ. ನೋವು ತಗ್ಗಿದ ಆ ಹೊತ್ತಿನಲ್ಲಿ ನಾಲ್ಕು ಹೆಜ್ಜೆ ನಡೆಯಲಿ, ಹೇಳಿಕೊಟ್ಟ ವ್ಯಾಯಾಮ ಮಾಡಲಿ. ಅದಕ್ಕೆ ಈ ಪೆಟ್ಟಿಗೆ ಒಳ್ಳೆಯ ಜೊತೆ. ಆದರೆ ಆಸ್ಪತ್ರೆಯ ಚೀಟಿಯನ್ನು ಮಾತ್ರ ಎಸೆಯಬೇಡಿ.